ವರ್ಷಕ್ಕೊಂದು ದಿನ ಬಹುಮಾನ, ಉಳಿದ ದಿನ ಬಾಸುಂಡೆ



ಸ್ಕಾಟ್ಲೆಂಡಿನ ಒಂದು ಶಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಲ, ಹೋದ ಶತಮಾನದ ನಡುಭಾಗ. ಜನವರಿ ತಿಂಗಳು. ಆ ನಾಡಿನ ಮಹಾಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು. ಹಾಗಾಗಿ ಶಾಲೆಯಲ್ಲಿ ಪದ್ಯ ಹೇಳುವ ಸ್ಪರ್ಧೆ. ಬರ್ನ್ಸ್ ಬರೆದ ಸ್ಕಾಟ್ಸ್ ನುಡಿಯಲ್ಲಿ, ಒಂದಕ್ಷರ ತಪ್ಪದೆ ಹೇಳಿದ ಮಗುವಿಗೆ ಬಹುಮಾನ, ಚಪ್ಪಾಳೆ. ಫೆಬ್ರವರಿಯಲ್ಲಿ ಅದೇ ಮಗು, ಅದೇ ಮೇಷ್ಟರ ಮುಂದೆ, ಅದೇ ನುಡಿಯಲ್ಲಿ ಬಾಯಿ ತೆರೆದರೆ? 'ಸರಿಯಾಗಿ ಮಾತಾಡು' ಎಂಬ ಗದರಿಕೆ. ಹಟ ಮಾಡಿದರೆ ಅಂಗೈ ಮೇಲೆ 'ಟಾಸ್', ಅಂದರೆ ತುದಿ ಸೀಳಿದ ದಪ್ಪ ಚರ್ಮದ ಪಟ್ಟಿ. ಇದು ನಾನು ಕಟ್ಟಿದ ಕತೆಯಲ್ಲ. ಆ ತಲೆಮಾರಿನ ಸ್ಕಾಟರು ಮತ್ತೆ ಮತ್ತೆ ಹೇಳಿಕೊಂಡ ನೆನಪು.

ಬಹುಮಾನ ಕೊಟ್ಟ ಕೈಯೂ ಅದೇ, ಹೊಡೆದ ಕೈಯೂ ಅದೇ! ಒಂದು ನುಡಿಯನ್ನು ಕೊಲ್ಲಲು ಬೈಗುಳ ಒಂದೇ ದಾರಿಯಲ್ಲ. ವರ್ಷಕ್ಕೊಮ್ಮೆ ಹಾರ ಹಾಕಿ, ಉಳಿದ ದಿನ ಅಟ್ಟಕ್ಕೆ ಎಸೆದರೂ ಅದು ಸಾಯುತ್ತದೆ. ಸ್ಕಾಟ್ಸ್ ಸಾಯಲಿಲ್ಲ. ಯಾಕೆ ಸಾಯಲಿಲ್ಲ ಎಂಬುದನ್ನು ಅದರ ಕವಿಗಳ ಬಳಿ ಹೋಗಿ ಕೇಳಬೇಕು.

ಮೊದಲು ಒಂದು ಗೊಂದಲ ಪರಿಹಾರವಾಗಲಿ. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಎಂಬ ಇನ್ನೊಂದು ಭಾಷೆ ಇದೆ. ಅದು ಕೆಲ್ಟಿಕ್ ಬಳಗದ್ದು, ಅದರ ಪಾಡು ಬೇರೆ. ನಾನು ಹೇಳುತ್ತಿರುವುದು ಸ್ಕಾಟ್ಸ್ ಬಗ್ಗೆ. ಅದು ಇಂಗ್ಲಿಷಿನ ಒಡಹುಟ್ಟು. ಈ ಒಡಹುಟ್ಟೇ ಅದಕ್ಕೆ ಶಾಪವಾಯಿತು. ಪೂರ್ತಿ ಬೇರೆಯಾದ ಭಾಷೆಯನ್ನು ಪರಭಾಷೆ ಎಂದಾದರೂ ಒಪ್ಪುತ್ತಾರೆ. ತಂಗಿಯಂತಿರುವ ನುಡಿಯನ್ನು 'ಕೆಟ್ಟ ಇಂಗ್ಲಿಷ್' ಎಂದು ಕರೆದುಬಿಡುವುದು ಬಹಳ ಸುಲಭ.

ಕೆಟ್ಟ ಇಂಗ್ಲಿಷೇ? 1513ರಲ್ಲಿ ಗ್ಯಾವಿನ್ ಡಗ್ಲಸ್ ಎಂಬ ಪಾದ್ರಿ ಲ್ಯಾಟಿನ್ ಮಹಾಕವಿ ವರ್ಜಿಲನ 'ಈನಿಯಡ್' ಕಾವ್ಯವನ್ನು ಇಡಿಯಾಗಿ ಸ್ಕಾಟ್ಸಿಗೆ ತಂದು ಮುಗಿಸಿದ. ಇಂಗ್ಲೆಂಡಿನ ಇಂಗ್ಲಿಷಿನಲ್ಲಿ ಆಗ ಆ ಕಾವ್ಯದ ಪೂರ್ಣ ಅನುವಾದವೇ ಇರಲಿಲ್ಲ. ಅರಮನೆಯಲ್ಲಿ, ಕಾನೂನಿನಲ್ಲಿ, ಕಾವ್ಯದಲ್ಲಿ ಚಲಾವಣೆಯಲ್ಲಿದ್ದ ನುಡಿ ಅದು. ಡಗ್ಲಸ್ ಅದನ್ನು 'ಸ್ಕಾಟಿಸ್' ಎಂದು ಹೆಸರಿಟ್ಟು ಕರೆದ.

ಅದಾಗಿ 273 ವರ್ಷಕ್ಕೆ, 1786ರಲ್ಲಿ, ಕಿಲ್‌ಮಾರ್ನಕ್ ಊರಿನಲ್ಲಿ ಬರ್ನ್ಸ್‌ನ ಮೊದಲ ಪುಸ್ತಕ ಅಚ್ಚಾಯಿತು. 612 ಪ್ರತಿ, ಬೆಲೆ 3 ಶಿಲಿಂಗ್. ಪುಸ್ತಕದ ಹೆಸರು ಕನ್ನಡದಲ್ಲಿ ಹೇಳುವುದಾದರೆ, 'ಕವಿತೆಗಳು, ಮುಖ್ಯವಾಗಿ ಸ್ಕಾಟಿಷ್ ಉಪಭಾಷೆಯಲ್ಲಿ'. ಗಮನಿಸಿ, ಉಪಭಾಷೆ! ವರ್ಜಿಲನನ್ನು ಹೊತ್ತು ನಿಂತ ನುಡಿ ಮೂರು ಶತಮಾನ ತುಂಬುವ ಮೊದಲೇ ಉಪಭಾಷೆಯಾಗಿ ಹೋಗಿತ್ತು. ಅದೂ ತನ್ನ ಅತಿ ದೊಡ್ಡ ಕವಿಯ ಪುಸ್ತಕದ ಮುಖಪುಟದಲ್ಲೇ.

ನಡುವೆ ಆದದ್ದೇನು? 1560ರ ಮತಸುಧಾರಣೆಯ ನಂತರ ಚರ್ಚುಗಳಿಗೆ ಬಂದ ಬೈಬಲ್ಲು ಇಂಗ್ಲಿಷಿನದು. ದೇವರು ಇಂಗ್ಲಿಷ್ ಮಾತಾಡತೊಡಗಿದ. 1603ರಲ್ಲಿ ದೊರೆ ಆರನೇ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನವೂ ಸಿಕ್ಕಿತೆಂದು ಲಂಡನ್ನಿಗೆ ಹೊರಟ. ದೊರೆಯೂ ಕೈಬಿಟ್ಟ. 1707ರಲ್ಲಿ ಪಾರ್ಲಿಮೆಂಟೂ ಲಂಡನ್ನಿನದರಲ್ಲಿ ಕರಗಿತು. ಇಷ್ಟೂ ಹೊರಗಿನ ಹೊಡೆತ. ಒಳಗಿನ ಕೀಳರಿಮೆ ಇದಕ್ಕಿಂತ ಹೇಸಿಗೆಯದು. ಡೇವಿಡ್ ಹ್ಯೂಮ್ ಅಂಥ ಮಹಾ ತತ್ವಜ್ಞಾನಿ 1752ರಲ್ಲಿ, ಬರೆಯುವಾಗ ನುಸುಳಬಾರದ ಸ್ಕಾಟ್ಸ್ ಪದಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ. ಅವನು ಸಾಯುವಾಗ ತಪ್ಪೊಪ್ಪಿಕೊಂಡದ್ದು ತನ್ನ ಪಾಪಗಳನ್ನಲ್ಲ, ಸ್ಕಾಟ್ಸ್ ಪದಗಳನ್ನು ಬಳಸಿದ್ದನ್ನು ಎಂಬ ಕುಹಕ ಉಳಿದು ಬಂದಿದೆ. 1761ರಲ್ಲಿ ಥಾಮಸ್ ಶೆರಿಡನ್ ಎಂಬ ನಟ ಎಡಿನ್‌ಬರೋಗೆ ಬಂದು ಇಂಗ್ಲಿಷನ್ನು ಹೇಗೆ ಉಚ್ಚರಿಸಬೇಕೆಂದು ಉಪನ್ಯಾಸ ಕೊಟ್ಟ. ಊರಿನ ಗಣ್ಯರು ಕೂತು ಪಾಠ ಕೇಳಿದರು. ಈ ಶೆರಿಡನ್ ಯಾವ ಊರಿನವನು? ಐರ್ಲೆಂಡಿನವನು!

ಇಂಥ ಎಡಿನ್‌ಬರೋಗೆ ಬರ್ನ್ಸ್ ಬಂದಿಳಿದ. ಹೆನ್ರಿ ಮೆಕೆಂಜಿ ಎಂಬ ವಿಮರ್ಶಕ ಅವನನ್ನು ಹೊಗಳಿದ. ಹೇಗೆ? ದೇವರೇ ಕಲಿಸಿ ಕಳಿಸಿದ ನೇಗಿಲಯೋಗಿ ಎಂದು. ಕೇಳಲು ಚೆಂದ. ಆದರೆ ಬರ್ನ್ಸ್ ಪೋಪ್‌ನನ್ನು ಓದಿದ್ದ, ಶೇಕ್ಸ್‌ಪಿಯರನನ್ನು ಓದಿದ್ದ, ಸೊಗಸಾದ ಇಂಗ್ಲಿಷಿನಲ್ಲಿ ಕಾಗದ ಬರೆಯುತ್ತಿದ್ದ. ಸ್ಕಾಟ್ಸಿನಲ್ಲಿ ಬರೆದದ್ದು ಬೇರೆ ಬಾರದ್ದಕ್ಕಲ್ಲ, ಬೇಕೆಂದು. ನೇಗಿಲು ಹಿಡಿದವನಿಗೆ ದೇವರು ಕಲಿಸಿದ ಎಂದುಬಿಟ್ಟರೆ ಅವನ ಓದು, ದುಡಿಮೆ, ಆಯ್ಕೆ ಎಲ್ಲವೂ ಮಾಯ. ಇಂಥ ಹೊಗಳಿಕೆಯನ್ನು ಕಂಡರೆ ನೀವು ಜೇಬು ಮುಟ್ಟಿ ನೋಡಿಕೊಳ್ಳಿ.

ಈ ಕೀಳರಿಮೆ ಕಾಗುಣಿತಕ್ಕೂ ಇಳಿಯಿತು. ಇದು ಸಣ್ಣ ವಿಷಯ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಇದೇ. ಇಂಗ್ಲಿಷಿನ 'ವಿತ್' ಸ್ಕಾಟ್ಸಿನಲ್ಲಿ 'ವಿ'. 'ಆಲ್' ಎಂಬುದು ಬರೀ 'ಆ'. ಹಾಗೆ ಬರೆದರಾಯಿತಲ್ಲ? ಇಲ್ಲ. ಪ್ರತಿ ಪದದ ಕೊನೆಗೊಂದು ಅಪಾಸ್ಟ್ರಫಿ ಗುರುತು. ಇಲ್ಲೊಂದು ಅಕ್ಷರ ಇರಬೇಕಿತ್ತು, ಬಿಟ್ಟಿದ್ದೇನೆ, ಮನ್ನಿಸಿ ಎಂಬ ಅರ್ಥದ್ದು. ಎಂದೋ ಉದುರಿಹೋಗಿ ಸ್ಕಾಟರ ಬಾಯಲ್ಲಿ ಇಲ್ಲವೇ ಇಲ್ಲದ ಅಕ್ಷರಕ್ಕೆ ಕವಿ ಸಾಲುಸಾಲಿಗೂ ಇಂಗ್ಲಿಷ್ ಓದುಗನ ಕ್ಷಮೆ ಕೇಳುತ್ತಿದ್ದ! ಇದಕ್ಕೆ 'ಕ್ಷಮಾಪಣೆಯ ಅಪಾಸ್ಟ್ರಫಿ' ಎಂದೇ ಹೆಸರು ಬಿತ್ತು. 1947ರಲ್ಲಿ ಒಂದಷ್ಟು ಕವಿಗಳು ಎಡಿನ್‌ಬರೋದಲ್ಲಿ ಸೇರಿ ಸ್ಕಾಟ್ಸ್ ಬರವಣಿಗೆಗೆ ಒಂದು ಕಾಗುಣಿತದ ಒಪ್ಪಂದ ಮಾಡಿಕೊಂಡರು. ಆ ಗುರುತು ಬೇಡ ಎಂದರು. ಅದಕ್ಕೆ ಒಂದೇ ವರ್ಷ ಹಿಂದೆ, 1946ರಲ್ಲಿ, ಸ್ಕಾಟ್ಲೆಂಡಿನದೇ ಶಿಕ್ಷಣ ಸಲಹಾ ಮಂಡಳಿ ಸ್ಕಾಟ್ಸ್ ಎಲ್ಲಿಯೂ ವಿದ್ಯಾವಂತರ ಭಾಷೆಯಲ್ಲ, ಕಲಿಕೆಗೂ ಸಂಸ್ಕೃತಿಗೂ ತಕ್ಕ ಮಾಧ್ಯಮವಲ್ಲ ಎಂದು ವರದಿ ಬರೆದಿತ್ತು.

ನಿಜವಾದ ಜಗಳ ಇನ್ನೂ ಆಳದ್ದು. ಎಡ್ವಿನ್ ಮ್ಯೂರ್ ಎಂಬ ಕವಿ, ಆರ್ಕ್ನಿ ದ್ವೀಪದವನು, 1936ರಲ್ಲಿ ಒಂದು ವಾದ ಹೂಡಿದ. ಸ್ಕಾಟರು ಅನುಭವಿಸುವುದು ಸ್ಕಾಟ್ಸಿನಲ್ಲಿ, ಯೋಚಿಸುವುದು ಇಂಗ್ಲಿಷಿನಲ್ಲಿ. ಹಾಗಾಗಿ ಇಡಿಯಾದ ಸಾಹಿತ್ಯ ಬೇಕಿದ್ದರೆ ಇಂಗ್ಲಿಷಿಗೇ ಬರಬೇಕು ಎಂದ. ಇವನು ಶತ್ರುವಲ್ಲ, ನೊಂದು ಹೇಳಿದವನು. ಅದಕ್ಕೇ ಈ ವಾದ ಅಪಾಯಕಾರಿ. ಅಜ್ಜಿಯ ಜೊತೆ ಅಳುವುದಕ್ಕೆ, ಗೆಳೆಯರ ಜೊತೆ ಜೋಕು ಹೊಡೆಯುವುದಕ್ಕೆ ಒಂದು ನುಡಿ; ವಿಜ್ಞಾನಕ್ಕೆ, ತತ್ವಕ್ಕೆ, ಸಂಬಳಕ್ಕೆ ಇನ್ನೊಂದು. ಈ ಪಾಲುಪಟ್ಟಿಗೆ ಸಹಿ ಹಾಕಿದ ದಿನ ಮೊದಲನೆಯ ನುಡಿಯ ಕತೆ ಮುಗಿಯಿತು.

ಸಹಿ ಹಾಕದವನು ಹ್ಯೂ ಮ್ಯಾಕ್‌ಡರ್ಮಿಡ್. ಮ್ಯೂರ್ ಹೀಗೆನ್ನುವುದಕ್ಕೆ ಹತ್ತು ವರ್ಷ ಮುಂಚೆಯೇ, 1926ರಲ್ಲಿ, 2,600ಕ್ಕೂ ಹೆಚ್ಚು ಸಾಲಿನ ಸ್ಕಾಟ್ಸ್ ಕಾವ್ಯ ಬರೆದು ಉತ್ತರ ಕೊಟ್ಟಿದ್ದ. ಒಬ್ಬ ಕುಡುಕ ಬೆಳದಿಂಗಳಲ್ಲಿ ಗುಡ್ಡದ ಮೇಲೆ ಬಿದ್ದುಕೊಂಡು ಒಂದು ಮುಳ್ಳುಗಿಡ ನೋಡುತ್ತಾನೆ. ಅದು ಥಿಸಲ್, ಸ್ಕಾಟ್ಲೆಂಡಿನ ಲಾಂಛನ. ನೋಡುತ್ತಾ ದಾಸ್ತೋವ್‌ಸ್ಕಿ, ನೀಷೆ, ದೇವರು, ಸಾವು, ತನ್ನ ನಾಡಿನ ದುರ್ಗತಿ ಎಲ್ಲವನ್ನೂ ಆ 'ಅಡುಗೆಮನೆ ನುಡಿ'ಯಲ್ಲೇ ಯೋಚಿಸುತ್ತಾನೆ. ಬಳಕೆ ತಪ್ಪಿದ ಪದಗಳನ್ನು ಜೇಮಿಸನ್‌ನ 1808ರ ನಿಘಂಟಿನಿಂದ ಹೆಕ್ಕಿ ತಂದು, ಊರೂರಿನ ಮಾತನ್ನು ಕಲಸಿ ಒಂದು ಕಾವ್ಯಭಾಷೆ ಕಟ್ಟಿದ.

ಆದರೆ ಇವನಿಗೂ ಒಂದು ಸೊಕ್ಕು. ತನ್ನ ಕಲಸಿದ ಸ್ಕಾಟ್ಸೇ ಸ್ಕಾಟ್ಸು, ಒಂದೊಂದು ಸೀಮೆಯ ಮಾತಿನಲ್ಲಿ ಬರೆಯುವವರು ಹಳ್ಳಿಗುಗ್ಗುಗಳು ಎಂಬ ಧೋರಣೆ. ಈಶಾನ್ಯದ ಅಬರ್ಡೀನ್ ಸೀಮೆಯ ಚಾರ್ಲ್ಸ್ ಮರ್ರೆಯ ಮೇಲೆ ಹರಿಹಾಯ್ದ. ತಮಾಷೆಯೆಂದರೆ, 1930ರ ದಶಕದ ನಂತರ ಮ್ಯಾಕ್‌ಡರ್ಮಿಡ್ ಬರೆದದ್ದು ಬಹುಪಾಲು ಇಂಗ್ಲಿಷಿನಲ್ಲಿ. ಹಳ್ಳಿಗುಗ್ಗುಗಳು ಮಾತ್ರ ತಮ್ಮ ಸೀಮೆ ಬಿಡಲಿಲ್ಲ.

ಆ ಸೀಮೆಯ ಮಾತಿಗೆ 'ಡೋರಿಕ್' ಎನ್ನುತ್ತಾರೆ. ಇಂಗ್ಲಿಷಿನ 'ವಾಟ್' ಅಲ್ಲಿ 'ಫಿಟ್', 'ವೇರ್' ಅಲ್ಲಿ 'ಫಾರ್', 'ಹೌ' ಅಲ್ಲಿ 'ಫೂ'. 'ಹೇಗಿದೀಯಪ್ಪ' ಎನ್ನುವುದಕ್ಕೆ 'ಫಿಟ್ ಲೈಕ್'! ಮರ್ರೆ 1888ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಅಲ್ಲಿ ದೊಡ್ಡ ಸರ್ಕಾರಿ ಹುದ್ದೆಗೇರಿದವನು. ಅಷ್ಟು ದೂರದಲ್ಲಿ ಕೂತು ತನ್ನ ಊರಿನ ಡೋರಿಕ್‌ನಲ್ಲೇ ಕಟ್ಟಿದ ಸಂಕಲನ 1900ರಲ್ಲಿ ಬಂತು. ಹೆಸರು 'ಹೇಮ್‌ವಿತ್', ಮನೆಯ ಕಡೆಗೆ. ಅದೇ ಸೀಮೆಯ ರೈತರ ಮಗಳು ಫ್ಲೋರಾ ಗ್ಯಾರಿ. ಆಕೆಯ ಸಂಕಲನ 1974ರಲ್ಲಿ ಬಂದಾಗ ವಯಸ್ಸು ಎಪ್ಪತ್ತು ದಾಟಿತ್ತು. ಕಲ್ಲುಗುಡ್ಡೆಯನ್ನು ಹೊಲ ಮಾಡಲು ತಲೆಮಾರುಗಟ್ಟಲೆ ಬೆನ್ನು ಮುರಿದುಕೊಂಡವರ ಬದುಕನ್ನು, ಅದರಲ್ಲೂ ಹೆಂಗಸರ ಬದುಕನ್ನು, ಆಕೆ ಅವರ ಬಾಯಿಂದಲೇ ಹೇಳಿಸಿದಳು.

ಪೇಟೆಯವರಿಗೆ ಇದೆಲ್ಲ ಹಳ್ಳಿಯ ವಿಷಯ ಎನಿಸಬಹುದು. ಹಾಗಾದರೆ ಗ್ಲಾಸ್ಗೋ ನೋಡಿ. ಹಡಗು ಕಟ್ಟುವ ಕಾರ್ಖಾನೆಗಳ, ಕೂಲಿಕಾರರ ಶಹರ. ಅಲ್ಲಿಯ ಮಾತಿಗೆ ಹಳ್ಳಿಯ ಸೊಗಡು ಎಂಬ ರಿಯಾಯಿತಿಯೂ ಇಲ್ಲ, ಬರೀ 'ಗಟಾರದ ಮಾತು' ಎಂಬ ಬೈಗುಳ. ಈ ಊರಿನ ಒಬ್ಬ ಕವಿಯನ್ನು ನೀವೂ ಬಲ್ಲಿರಿ. ಬಿ.ಎಂ.ಶ್ರೀ.ಯವರ 'ಕಾರಿಹೆಗ್ಗಡೆಯ ಮಗಳು' ನೆನಪಿದೆಯಲ್ಲ? ಅದರ ಮೂಲ ಬರೆದ ಥಾಮಸ್ ಕ್ಯಾಂಬೆಲ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಬರೆದದ್ದು ಮಾತ್ರ ಇಂಗ್ಲಿಷಿನಲ್ಲಿ. ಅಂದರೆ ಸ್ಕಾಟ್ಲೆಂಡು ನಮ್ಮ ಪಠ್ಯಪುಸ್ತಕಕ್ಕೆ ಬಂದದ್ದೂ ಇಂಗ್ಲಿಷಿನ ಬಾಗಿಲಿನಿಂದಲೇ.

ಅದೇ ಗ್ಲಾಸ್ಗೋದಲ್ಲಿ 1944ರಲ್ಲಿ ಹುಟ್ಟಿದ ಟಾಮ್ ಲಿಯೊನಾರ್ಡ್ ಬೇರೆ ಬಾಗಿಲು ಒದ್ದ. 1969ರ 'ಸಿಕ್ಸ್ ಗ್ಲಾಸ್ಗೋ ಪೋಯಮ್ಸ್' ಪುಸ್ತಕದಲ್ಲಿ ಬೀದಿಯ ಮಾತನ್ನು ಕಿವಿಗೆ ಬಿದ್ದಂತೆಯೇ ಅಕ್ಷರಕ್ಕಿಳಿಸಿದ. ಅಪಾಸ್ಟ್ರಫಿ ಇಲ್ಲ, ಕ್ಷಮೆಯೂ ಇಲ್ಲ. ಮುಂದೆ ಬರೆದ ಒಂದು ಪದ್ಯದಲ್ಲಿ ಸಂಜೆ ಆರರ ವಾರ್ತೆ ಓದುವವನೊಬ್ಬ ಗ್ಲಾಸ್ಗೋ ಕೂಲಿಕಾರನ ಉಚ್ಚಾರಣೆಯಲ್ಲಿ ಮಾತಾಡುತ್ತಾನೆ. ಸುದ್ದಿಯನ್ನು ನಿಮ್ಮಂಥವರ ದನಿಯಲ್ಲಿ ಓದಿದರೆ ಅದು ಸತ್ಯ ಎಂದು ಯಾರೂ ನಂಬುವುದಿಲ್ಲ ಎಂದು ವಿವರಿಸುತ್ತಾನೆ, ಅದೇ ದನಿಯಲ್ಲಿ! ಸತ್ಯಕ್ಕೂ ಒಂದು ಉಚ್ಚಾರಣೆ ಗೊತ್ತುಮಾಡಿದವರು ಯಾರು ಎಂದು ಕೇಳಲು ಇದಕ್ಕಿಂತ ಚಿಕ್ಕ ದಾರಿ ನನಗಂತೂ ಗೊತ್ತಿಲ್ಲ. ಇಂಗ್ಲೆಂಡಿನ ಮಕ್ಕಳು ಮುಂದೆ ಇದೇ ಪದ್ಯವನ್ನು ಪರೀಕ್ಷೆಗೆ ಓದಬೇಕಾಯಿತು.

ಇನ್ನು ಉತ್ತರದ ದ್ವೀಪಗಳು. ಆರ್ಕ್ನಿ, ಶೆಟ್ಲೆಂಡ್ ಎರಡನ್ನೂ 1468-69ರಲ್ಲಿ ಡೆನ್ಮಾರ್ಕಿನ ದೊರೆ ಮಗಳ ವರದಕ್ಷಿಣೆಗೆಂದು ಸ್ಕಾಟ್ಲೆಂಡಿನ ದೊರೆಗೆ ಒತ್ತೆ ಇಟ್ಟ. ಬಿಡಿಸಿಕೊಳ್ಳಲೇ ಇಲ್ಲ. ಹಾಗಾಗಿ ಅಲ್ಲಿಯ ಸ್ಕಾಟ್ಸಿನಲ್ಲಿ ನಾರ್ವೆ ಕಡೆಯ ಪದಗಳು ಬೇಕಾದಷ್ಟು. ಇಂಗ್ಲಿಷಿನಲ್ಲಿ ರಾಜನಿಗೂ 'ಯೂ', ನಾಯಿಗೂ 'ಯೂ'. ಶೆಟ್ಲೆಂಡಿನಲ್ಲಿ ಗೆಳೆಯನಿಗೆ 'ಡೂ', ಹಿರಿಯರಿಗೆ 'ಯೂ'. ನೀನು, ನೀವು ಬಲ್ಲ ನಿಮಗೆ ಇದರ ಬೆಲೆ ಹೇಳಬೇಕಿಲ್ಲ. ಅಲ್ಲಿಯ ಕವಿ ಕ್ರಿಸ್ಟೀನ್ ಡಿ ಲೂಕಾ ಈ ನುಡಿಯಲ್ಲಿ ಬರೆಯುತ್ತಲೇ 2014ರಲ್ಲಿ ರಾಜಧಾನಿ ಎಡಿನ್‌ಬರೋದ ನಗರಕವಿಯಾದಳು.

ಲೆಕ್ಕ ಬೇಕೆನ್ನುವವರಿಗೆ: 2022ರ ಜನಗಣತಿಯಲ್ಲಿ ಸ್ಕಾಟ್ಸ್ ಮಾತಾಡುತ್ತೇವೆ ಎಂದವರು ಸುಮಾರು 15 ಲಕ್ಷ. 2025ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟು ಗೇಲಿಕ್, ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಡುವ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಬರ್ನ್ಸ್ ಹಬ್ಬದಂದು ಹಾರ ಹಾಕಿದ್ದೂ ಇಂಥ ಕೈಗಳೇ ಎಂಬುದು ನೆನಪಿರಲಿ.

ನನಗೆ ಕಾನೂನಿಗಿಂತ ದೊಡ್ಡ ಸುದ್ದಿ ಎನಿಸಿದ್ದು ಒಂದು ಪುಸ್ತಕ. ಈ ನುಡಿಯಲ್ಲಿ ಯೋಚಿಸಲಾಗದು ಎಂದ ಮ್ಯೂರ್ ಆರ್ಕ್ನಿಯವನು ಎಂದೆನಲ್ಲ, ಅದೇ ಆರ್ಕ್ನಿಯಲ್ಲಿ ಬೆಳೆದ ಹ್ಯಾರಿ ಜೋಸೆಫೀನ್ ಜೈಲ್ಸ್ 2021ರಲ್ಲಿ ಪ್ರಕಟಿಸಿದ 'ಡೀಪ್ ವೀಲ್ ಆರ್ಕೇಡಿಯಾ'. ಇಡೀ ಕಾದಂಬರಿ ಪದ್ಯದಲ್ಲಿದೆ, ಆರ್ಕ್ನಿಯ ಮಾತಿನಲ್ಲಿದೆ. ಕತೆ ನಡೆಯುವುದು ಹೊಲದಲ್ಲೂ ಅಲ್ಲ, ಮೀನುದೋಣಿಯಲ್ಲೂ ಅಲ್ಲ, ಬಾಹ್ಯಾಕಾಶ ನಿಲ್ದಾಣದಲ್ಲಿ! 2022ರಲ್ಲಿ ಅದಕ್ಕೆ ವೈಜ್ಞಾನಿಕ ಕಾದಂಬರಿಗಳ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಬಂತು. ಪುಟ ತೆರೆದರೆ ಮೇಲೆ ಆರ್ಕ್ನಿ ನುಡಿಯ ಪದ್ಯ. ಇಂಗ್ಲಿಷ್ ಇರುವುದು ಕೆಳಗೆ, ಅಡಿಟಿಪ್ಪಣಿಯ ಜಾಗದಲ್ಲಿ. ಅಲ್ಲೂ ಒಂದು ಆರ್ಕ್ನಿ ಪದದ ಅರ್ಥ ಹೇಳಲು ಇಂಗ್ಲಿಷಿನ ಎರಡು ಮೂರು ಪದಗಳನ್ನು ಒಂದಕ್ಕೊಂದು ಅಂಟಿಸಿ ಕೂರಿಸಬೇಕಾಗಿದೆ.