ಬಿಡದಿಯಲ್ಲಿ ಬಿಡದಿಯಿಲ್ಲ

ಮದುವೆಗೆ ಬಂದ ಬೀಗರಿಗೆ ಇಳಿದುಕೊಳ್ಳಲು ಬಿಟ್ಟುಕೊಡುವ ಮನೆಗೆ ಕನ್ನಡದಲ್ಲಿ ಬಿಡದಿ ಎನ್ನುತ್ತೇವೆ. ಆದರೆ ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ, ಓದಲು ಮತ್ತು ಕೆಲಸ ಕಲಿಯಲು ಬರುವ ಬಡವರ ಮಕ್ಕಳಿಗೆ ಇಳಿದುಕೊಳ್ಳಲು ಜಾಗವಿಲ್ಲ. ದುಡ್ಡಿದ್ದವರಿಗೆ ಪಿ.ಜಿ.ಗಳಿವೆ. ಇಲ್ಲದವರು ಎಲ್ಲಿಗೆ ಹೋಗಬೇಕು?

ಇಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದದ್ದು 1999ರಲ್ಲಿ. ಬಾಷ್, ಕೋಕಾಕೋಲಾದಂಥ ಕಂಪೆನಿಗಳೂ ಇಲ್ಲಿ ನೆಲೆಯೂರಿವೆ. ಕೈಗಾರಿಕಾ ಪ್ರದೇಶಗಳಿಗಾಗಿ ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು 1966ರ ಕಾಯ್ದೆ ಸರ್ಕಾರಕ್ಕೆ ಕೊಟ್ಟಿದೆ. ರಸ್ತೆ, ನೀರು, ವಿದ್ಯುತ್ತಿನ ಲೆಕ್ಕ ಹಾಕಿದ ಯೋಜಕರು, ಈ ಯಂತ್ರಗಳ ಮುಂದೆ ನಿಂತು ಕಲಿಯುವ ಹುಡುಗರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಲೆಕ್ಕವನ್ನು ಮನೆ ಮಾಲೀಕರಿಗೆ ಬಿಟ್ಟುಬಿಟ್ಟರು.

ಆ ಲೆಕ್ಕ ಹೇಗಿದೆ ನೋಡಿ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬರುವವನಿಗೆ 2019ರ ನಿಯಮ ನಿಗದಿ ಮಾಡಿದ ಕನಿಷ್ಠ ಭತ್ಯೆ ತಿಂಗಳಿಗೆ 7,000 ರೂಪಾಯಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ 2013-14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆ ಊಟಕ್ಕೂ ವಸತಿಗೂ ಸೇರಿಸಿ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ಮಾಲೀಕರು ಕೇಳುವ ಬಾಡಿಗೆ ಮಾತ್ರ ಹನ್ನೆರಡು ತಿಂಗಳದ್ದು. ಜೊತೆಗೆ ಅಡ್ವಾನ್ಸ್ ಬೇರೆ. ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂಬ ಹೆಸರು ಬಂದದ್ದು 2025ರಲ್ಲಿ. ಆದರೆ ಬೆಂಗಳೂರಿನ ಅಡ್ವಾನ್ಸಿನ ರೂಢಿ ಅದಕ್ಕಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದಿತ್ತು. ರಾಮನಗರದ ರೀಲರ್ ಕೂಲಿಯ ಮಗ, ಮಾಗಡಿಯ ಒಣಬೇಸಾಯಗಾರನ ಮಗಳು ಆ ಇಡುಗಂಟನ್ನು ಎಲ್ಲಿಂದ ತರಬೇಕು?

ಕಾನೂನು ಇಲ್ಲವೇ? ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ದಾಟಿದರೆ ಅದು ಅನ್ವಯವಾಗುವುದಿಲ್ಲವೆಂದು ಅದೇ ಕಾಯ್ದೆ ಬರೆದುಕೊಂಡಿದೆ! ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದೆಂದು ಕೇಂದ್ರ ಸರ್ಕಾರದ 2021ರ ಮಾದರಿ ಕಾಯ್ದೆ ಹೇಳಿತು. ಅದನ್ನು ಜಾರಿಗೆ ತರುವುದು ಬಿಡುವುದು ರಾಜ್ಯಗಳ ಇಚ್ಛೆ. 2020ರ ಕೈಗೆಟುಕುವ ಬಾಡಿಗೆ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ವಿದ್ಯಾರ್ಥಿಗಳ ಹೆಸರೂ ಇತ್ತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಲಗಲು ಹಾಸಿಗೆ ಸಿಕ್ಕೀತೇ?

ಹೇಗೋ ದುಡ್ಡು ಹೊಂದಿಸಿಕೊಂಡು ಬಂದರೂ ಇನ್ನೊಂದು ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ: "ನೀವು ಯಾವ ಜನ?" ಹುಡುಗನ ಹೆಸರು ಕೇಳಿದೊಡನೆ, ಖಾಲಿಯಿದ್ದ ಕೋಣೆ ನಿನ್ನೆಯೇ ಯಾರಿಗೋ ಗೊತ್ತಾಗಿರುತ್ತದೆ. ಮುಸ್ಲಿಮರಿಗೆ ತಾವು ಬಯಸಿದ ಕಡೆ ಮನೆ ಸಿಗುತ್ತಿಲ್ಲ ಎಂಬ ದೂರನ್ನು ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿತ್ತು. ದಲಿತ ವಿದ್ಯಾರ್ಥಿಯ ಅನುಭವವೂ ಬೇರೆಯಲ್ಲ. ಅವನ ಮುಂದೆ "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ಜಾತಿಯ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ.

ಮನೆ ನಮ್ಮದು, ಯಾರಿಗೆ ಕೊಡಬೇಕೆಂಬುದು ನಮ್ಮಿಷ್ಟ ಎಂದು ಮಾಲೀಕರು ಹೇಳಬಹುದು. ಭೂಮಿ ಕಳೆದುಕೊಂಡು, ಪರಿಹಾರದ ಹಣದಲ್ಲಿ ನಾಲ್ಕು ಕೋಣೆ ಕಟ್ಟಿಸಿ ಬದುಕುವ ರೈತನೂ ಅವರಲ್ಲಿದ್ದಾನೆ. ಅವನಿಗೆ ಬಾಡಿಗೆಯೇ ಅನ್ನ. ಅವನ ಮೇಲೆ ನಮಗೆ ಕೋಪವಿಲ್ಲ. ಆದರೆ ಒಂದು ಪೀಳಿಗೆಯ ವಿದ್ಯೆಯನ್ನು ಖಾಸಗಿ ಬಾಗಿಲುಗಳ ಮರ್ಜಿಗೆ ಬಿಟ್ಟ ಸರ್ಕಾರದ ಮೇಲೆ ಖಂಡಿತ ಕೋಪವಿದೆ.

ಇದು ಆಗದ ಕೆಲಸವೇನಲ್ಲ. ಸಾವಿರಾರು ಮಕ್ಕಳಿಗೆ ಜಾತಿ-ಮತ ಕೇಳದೆ ಅನ್ನ, ವಸತಿ ಕೊಟ್ಟ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದು ಇದೇ ಜಿಲ್ಲೆಯ ಮಾಗಡಿ ತಾಲೂಕಿನ ವೀರಾಪುರದಲ್ಲಿ. ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿ ಬಿಡದಿ ಪಕ್ಕದ ಬಾನಂದೂರಿನವರು. ಕೈಗಾರಿಕಾ ಪ್ರದೇಶದೊಳಗೇ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಯ ಬಡ ಮಕ್ಕಳನ್ನು ವಸತಿ ಕೊಟ್ಟೇ ತಯಾರು ಮಾಡುತ್ತ ಬಂದಿದೆ. ಮಠಕ್ಕೆ ಸಾಧ್ಯವಾದದ್ದು, ಒಂದು ಕಂಪೆನಿಗೆ ಸಾಧ್ಯವಾದದ್ದು, ಸರ್ಕಾರಕ್ಕೆ ಯಾಕೆ ಅಸಾಧ್ಯ?

ನಮ್ಮ ಸಮುದಾಯದ ಮುಖಂಡರಿಗೂ ಒಂದು ಮಾತು ಹೇಳಬೇಕಿದೆ. ಊರೂರಿಗೆ ಶಾದಿ ಮಹಲ್ ಬೇಕೆಂದು ಶಾಸಕರ ಮನೆಗೆ ಎಡತಾಕುವವರು, ಹಾಸ್ಟೆಲ್ ಬೇಕೆಂದು ಒಂದು ಅರ್ಜಿಯನ್ನಾದರೂ ಕೊಟ್ಟಿದ್ದಾರೆಯೇ? ಒಂದು ದಿನದ ಮದುವೆಗೆ ಸಿಗುವ ಸೂರು ಮೂರು ವರ್ಷದ ವಿದ್ಯೆಗೆ ಸಿಗಬಾರದೇ? ವಕ್ಫ್ ಜಮೀನಿನಲ್ಲಿ ಅಂಗಡಿ ಮಳಿಗೆ ಎಬ್ಬಿಸುವಾಗ ಮೇಲೊಂದು ಅಂತಸ್ತು ವಿದ್ಯಾರ್ಥಿಗಳಿಗೆ ಮೀಸಲಿಡಲು ಯಾರ ಅಡ್ಡಿ? ಅಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಜಾಗವಿರಲಿ. ನಾವು ಬೇರೆಯವರಿಂದ ಬಯಸುವುದೂ ಅದನ್ನೇ ತಾನೆ?

ಬಿಡದಿ ಹೋಬಳಿಯಲ್ಲಿ ಸಾವಿರಾರು ಎಕರೆಯ ಉಪನಗರ ಕಟ್ಟುವ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಭೂಮಿ ಬಿಡಲಾರೆವೆಂದು ರೈತರು ಬೀದಿಗಿಳಿದರು. ಅವರ ಪ್ರಶ್ನೆಗೆ ಮೊದಲು ಉತ್ತರ ಸಿಗಲಿ. ಆ ಬಳಿಕವೂ ಯೋಜನೆ ನಡೆಯುವುದಾದರೆ, ನಮ್ಮ ಬೇಡಿಕೆ ಇಷ್ಟೇ: ಕೈಗಾರಿಕೆಗೆ ನೆಲ ಮಂಜೂರು ಮಾಡುವ ಕಾಗದದಲ್ಲೇ ಕಲಿಯುವವರ ವಸತಿಯೂ ಕಡ್ಡಾಯ ಷರತ್ತಾಗಲಿ. ಹಾಸ್ಟೆಲ್ ಕಟ್ಟುವವರೆಗೆ, ಸಹಾಯಧನ ಹನ್ನೆರಡೂ ತಿಂಗಳು, ಇಂದಿನ ಬಾಡಿಗೆಯ ಲೆಕ್ಕದಲ್ಲಿ ಸಿಗಲಿ. ನೆಲಕ್ಕೆ ದರ ಗೊತ್ತುಮಾಡುವ ಸರ್ಕಾರಕ್ಕೆ ಒಂದು ಹಾಸಿಗೆಯ ದರ ಗೊತ್ತುಮಾಡುವುದು ಕಷ್ಟವೇನಲ್ಲ.