ಕತ್ತರಿ ಯಾರ ಕೈಯದು?

ಪಂಕ್ ರಾಕ್ ಎಂದೊಡನೆ ಮೂಗು ಮುರಿಯುವವರೇ ಹೆಚ್ಚು. ಕೆದರಿದ ಕೂದಲು, ಕಿವಿಗಡಚಿಕ್ಕುವ ಗದ್ದಲ, ಬಾಯಿಗೆ ಬಂದ ಬೈಗುಳ. 1970ರ ದಶಕದಲ್ಲಿ ಕೆಲಸವಿಲ್ಲದ ಇಂಗ್ಲೆಂಡಿನ ಹುಡುಗರು ಎಬ್ಬಿಸಿದ ಪುಂಡಾಟ ಎಂದು ಷರಾ ಬರೆದು ಮುಗಿಸುತ್ತಾರೆ. ಆ ಸಂಗೀತ ನನಗೂ ಹಿಡಿಸದು. ಆದರೆ ಅದರ ರೆಕಾರ್ಡುಗಳ ಹೊದಿಕೆಯನ್ನು, ಭಿತ್ತಿಪತ್ರಗಳನ್ನು ಪುಂಡಾಟವೆಂದರೆ ಒಪ್ಪಲಾರೆ. ಅವುಗಳ ಹಿಂದೆ ರಾಜಕೀಯವಿದೆ. ಅದರ ಬೇರು ಹೆಂಗಸಿನ ಹೊಲಿಗೆಪೆಟ್ಟಿಗೆಯವರೆಗೂ ಇಳಿದಿದೆ.

ಹುಡುಗರ ಕತೆಯನ್ನೇ ಮೊದಲು ಹೇಳಿಬಿಡೋಣ. ಎಲ್ಲರೂ ಹೇಳುವುದು ಅದನ್ನೇ ತಾನೆ? ಜೇಮಿ ರೀಡ್ ಎಂಬಾತ 1970ರಲ್ಲಿ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಗೆಳೆಯರೊಡನೆ ‘ಸಬರ್ಬನ್ ಪ್ರೆಸ್’ ಎಂಬ ಬಂಡಾಯದ ಪತ್ರಿಕೆ ಆರಂಭಿಸಿದ. ಅಕ್ಷರ ಜೋಡಿಸಲು ದುಡ್ಡಿಲ್ಲದೆ ದಿನಪತ್ರಿಕೆಗಳ ಅಕ್ಷರಗಳನ್ನೇ ಕತ್ತರಿಸಿ ಅಂಟಿಸಿದ. 1977, ಎಲಿಜಬೆತ್ ರಾಣಿಯ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷ. ಸೆಕ್ಸ್ ಪಿಸ್ಟಲ್ಸ್ ತಂಡದ ಹಾಡಿನ ಹೊದಿಕೆಗೆ ರಾಣಿಯ ಭಾವಚಿತ್ರವನ್ನೇ ತೆಗೆದುಕೊಂಡು ಕಣ್ಣಿಗೂ ಬಾಯಿಗೂ ಅಂಥ ಅಕ್ಷರಗಳ ಪಟ್ಟಿ ಬಡಿದ. ಬಿಬಿಸಿ ಆ ಹಾಡಿಗೆ ಬಹಿಷ್ಕಾರ ಹಾಕಿತು. ಆಳುವವರ ಚಿತ್ರದಿಂದಲೇ ಅವರಿಗೆ ಎದುರುತ್ತರ ಕೊಡಿಸುವ ಈ ಉಪಾಯ, 1968ರ ಪ್ಯಾರಿಸ್ ದಂಗೆಗೆ ಮಾತು ಒದಗಿಸಿದ ಸಿಚುಯೇಷನಿಸ್ಟರಿಂದ ಬಂದದ್ದು.

ಕತೆಯನ್ನು ಇಲ್ಲಿಗೇ ನಿಲ್ಲಿಸುವುದೇಕೆ? ಅದೇ 1977ರಲ್ಲಿ ಮ್ಯಾಂಚೆಸ್ಟರಿನ ಲಿಂಡರ್ ಸ್ಟರ್ಲಿಂಗ್ ಬಜ್‌ಕಾಕ್ಸ್ ತಂಡದ ಒಂದು ಹಾಡಿಗೆ ಚಿತ್ರ ಮಾಡಿಕೊಟ್ಟಳು. ಹಾಡಿನ ಹೆಸರು ಬರೆಯಲು ನನಗೆ ಸಂಕೋಚ. ಚಿತ್ರದ ಬಗ್ಗೆ ಸಂಕೋಚವಿಲ್ಲ. ಬೆತ್ತಲೆ ಹೆಣ್ಣು. ತಲೆಯಿರಬೇಕಾದ ಕಡೆ ಇಸ್ತ್ರಿಪೆಟ್ಟಿಗೆ. ಎದೆಯ ಮೇಲೆ ಹಲ್ಲು ಕಿರಿಯುವ ಎರಡು ಬಾಯಿ. ಅಸಭ್ಯ ಎನ್ನುತ್ತೀರಾ? ಹೆಣ್ಣಿನ ಮೈಯನ್ನು ಅಚ್ಚುಹಾಕಿ ಮಾರುವ ಪತ್ರಿಕೆ ಅಸಭ್ಯವಲ್ಲ, ಅವಳ ಸುಖವೆಲ್ಲ ಇಸ್ತ್ರಿಪೆಟ್ಟಿಗೆಯಲ್ಲೇ ಇದೆ ಎನ್ನುವ ಜಾಹೀರಾತು ಅಸಭ್ಯವಲ್ಲ. ಎರಡನ್ನೂ ಕತ್ತರಿಸಿ ಜೋಡಿಸಿ ತೋರಿಸಿದವಳು ಮಾತ್ರ ಅಸಭ್ಯಳೆ?

ಈ ಕತ್ತರಿ ಕೆಲಸಕ್ಕೂ ಒಬ್ಬ ಅಜ್ಜಿ ಇದ್ದಾಳೆ. ಬರ್ಲಿನ್ನಿನ ಹನ್ನಾ ಹೋಖ್ 1916ರಿಂದ ಹತ್ತು ವರ್ಷ ಉಲ್‌ಸ್ಟೈನ್ ಪ್ರಕಾಶನದಲ್ಲಿ ಹೆಂಗಸರ ಪತ್ರಿಕೆಗಳಿಗೆ ಕಸೂತಿ, ಲೇಸಿನ ನಮೂನೆ ಬರೆದುಕೊಟ್ಟವಳು. ಮಹಾಯುದ್ಧವನ್ನು ಧಿಕ್ಕರಿಸಿ ಹುಟ್ಟಿದ ದಾದಾ ಪಂಥದಲ್ಲಿ ಸೇರಿ, ಅಡುಗೆಮನೆಯ ಚಾಕುವಿನ ಹೆಸರನ್ನೇ ಇಟ್ಟು ದೊಡ್ಡ ಚಿತ್ರವೊಂದನ್ನು ಜೋಡಿಸಿದಳು. ಅದರ ತುಂಬ ಕತ್ತರಿಸಿದ ರಾಜಕಾರಣಿಗಳು, ಸೇನಾಪತಿಗಳು, ಯಂತ್ರದ ಗಾಲಿಗಳು. ಕೆಳಗೆ ಬಲಮೂಲೆಯಲ್ಲಿ, ಹೆಂಗಸರಿಗೆ ಮತದ ಹಕ್ಕು ಬಂದ, ಬರಲಿದ್ದ ಯೂರೋಪಿನ ದೇಶಗಳ ನಕ್ಷೆ. 1920ರ ದಾದಾ ಪ್ರದರ್ಶನಕ್ಕೆ ಅವಳನ್ನು ಸೇರಿಸಿಕೊಳ್ಳಲು ಗ್ರೋಸ್, ಹಾರ್ಟ್‌ಫೀಲ್ಡ್ ಎಂಬ ಕ್ರಾಂತಿಕಾರಿಗಳೇ ಅಡ್ಡಬಂದರು! ಸಂಗಾತಿ ಹಾನ್ಸ್ ರಿಕ್ಟರ್ ಎಷ್ಟೋ ವರ್ಷಗಳ ಮೇಲೆ ಅವಳನ್ನು ನೆನೆದಾಗ ಹೊಗಳಿದ್ದರಲ್ಲಿ ಅವಳು ಒದಗಿಸುತ್ತಿದ್ದ ಸ್ಯಾಂಡ್‌ವಿಚ್, ಬಿಯರು, ಕಾಫಿಯೂ ಸೇರಿದ್ದವು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯುಂಟು. ಇಲ್ಲಿ ಮಾಡಿದವಳೂ ಅವಳೇ, ಬಡಿಸಿದವಳೂ ಅವಳೇ. ಹೆಸರು ಮಾತ್ರ ಉಂಡೆದ್ದವರದು.

ಈಗ ಇನ್ನೊಂದು ಅನ್ಯಾಯ ಸೇರಿದೆ. 2015ರಲ್ಲಿ ಬ್ರಿಟನ್ನಿನ ವರ್ಜಿನ್ ಮನಿ ಬ್ಯಾಂಕು ಸೆಕ್ಸ್ ಪಿಸ್ಟಲ್ಸ್ ರೆಕಾರ್ಡುಗಳ ಚಿತ್ರವನ್ನು ತನ್ನ ಕ್ರೆಡಿಟ್ ಕಾರ್ಡಿನ ಮೇಲೆ ಅಚ್ಚುಹಾಕಿತು. ದುಡ್ಡಿಲ್ಲದವರು ಕತ್ತರಿಸಿ ಅಂಟಿಸಿದ್ದು ಸಾಲ ಕೊಡುವವರ ಅಲಂಕಾರವಾಯಿತು. ಸಿಟ್ಟನ್ನು ಕಳೆದು ಹರಕನ್ನಷ್ಟೇ ಮಾರುವುದು ಕಲೆಯಲ್ಲ, ವ್ಯಾಪಾರ.

ಹಾಗೆಂದು ನಾವು ಆ ಕಲೆಯನ್ನೇ ದೂರುವುದು ಬೇಡ. ಕತ್ತರಿ, ಅಂಟು, ಹಳೆಯ ವಾರಪತ್ರಿಕೆ ಇಲ್ಲದ ಮನೆ ಯಾವುದಿದೆ? ಇನ್ನು ಮುಂದೆ ಯಾರಾದರೂ ಇದು ಗಂಡುಹುಡುಗರ ಪುಂಡಾಟ ಎಂದರೆ, ಆ ಇಸ್ತ್ರಿಪೆಟ್ಟಿಗೆಯ ಹೆಣ್ಣನ್ನು ತೋರಿಸಿ. ಅವಳಿಗೆ ಮುಖವಿಲ್ಲ, ನಿಜ. ಆದರೂ ನಮಗೆ ಗುರುತು ಸಿಕ್ಕುತ್ತದೆ.