ಸಿಮೆಂಟಿಗೆ ಬೆಲೆ ಕಟ್ಟುವವರು ಯಾರು?

ಮನೆಗೆ ತಾರಸಿ ಹಾಕಿಸಹೊರಟ ಮಿಲ್ ಕಾರ್ಮಿಕ ಮೊದಲು ಶಪಿಸುವುದು ಪೇಟೆಯ ಸಿಮೆಂಟು ಅಂಗಡಿಯವನನ್ನು. ಸಿಟ್ಟು ಸಹಜ, ಗುರಿ ತಪ್ಪು. ಆ ಅಂಗಡಿಕಾರ ಕಂಪನಿಗೆ ಠೇವಣಿ ಕಟ್ಟಿ, ಚೀಲಕ್ಕೆ ಇಷ್ಟೆಂದು ಕಮಿಷನ್ ಪಡೆಯುವವನು. ಮಳೆಗಾಲದ ತೇವಕ್ಕೆ ಚೀಲ ಗಟ್ಟಿಯಾದರೆ ನಷ್ಟ ಅವನದು. ದರ ಮಾತ್ರ ಮೇಲಿನಿಂದ ಬರುತ್ತದೆ.

ಸರಕಾರ ಸಿಮೆಂಟಿನ ನಿಯಂತ್ರಣವನ್ನು 1982ರಲ್ಲಿ ಸಡಿಲಿಸಿ, 1989ರಲ್ಲಿ ಪೂರ್ತಿ ಕೈಬಿಟ್ಟಿತು. ಪರ್ಮಿಟ್ಟಿನ ಕಾಳಸಂತೆ ಹೋಯಿತು, ಒಳ್ಳೆಯದೇ ಆಯಿತು. (ಪರ್ಮಿಟ್ಟಿಗಾಗಿ ಕಚೇರಿ ಅಲೆದ ಹಿರಿಯರನ್ನು ಕೇಳಿ ನೋಡಿ.) ಆದರೆ ಪೈಪೋಟಿ ಬಂದಿತೆ? 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು 11 ಸಿಮೆಂಟು ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ತಮ್ಮತಮ್ಮಲ್ಲೇ ಕೂಡಿಕೊಂಡು, ಕಾರ್ಖಾನೆಗೆ ಶಕ್ತಿಯಿದ್ದೂ ಮಾಲು ತಡೆದು ಬೆಲೆ ಏರಿಸಿದರೆಂಬುದು ನಮ್ಮ ಆರೋಪವಲ್ಲ, ಆಯೋಗದ ತೀರ್ಮಾನ. 2016ರಲ್ಲಿ ಮತ್ತೆ ಕೇಳಿದಾಗಲೂ ಅದೇ ತೀರ್ಮಾನ. ಕಂಪನಿಗಳು ಮೇಲ್ಮನವಿ ಹೂಡಿದವು. ಮನೆ ಕಟ್ಟಿದವನ ಕಿಸೆಯಿಂದ ಹೋದದ್ದಕ್ಕೆ ಯಾವ ಮೇಲ್ಮನವಿ?

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದೆ. ಆ ಇಳಿಕೆಯನ್ನು ಕಂಪನಿಗಳು ಮೆಲ್ಲನೆ ನುಂಗದಂತೆ ಕಾಯುವವರು ಬೇಕು. ಡೀಲರಿಗೆ ತಾವು ಮಾರುವ ದರವನ್ನು ಕಂಪನಿಗಳು ತಿಂಗಳು ತಿಂಗಳೂ ಜಿಲ್ಲಾವಾರು ಪ್ರಕಟಿಸಬೇಕೆಂದು ಸರಕಾರ ಕಾನೂನು ಮಾಡಲಿ. ಈ ಬೇಡಿಕೆಗೆ ವರ್ತಕರ ಸಂಘವೂ ಕಾರ್ಮಿಕ ಸಂಘವೂ ಒಂದೇ ಕಾಗದದ ಮೇಲೆ ಸಹಿ ಹಾಕಬೇಕು.